ದೊಡ್ಡ ಸ್ವಾಮಿಯವರ ಸಂದೇಹ

ಆಗಸ್ಟ್ 29ರಂದು ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕಾದಲ್ಲಿ ಬಾವುಟ ಏರಿತೆಂದರೆ ಸೆಪ್ಟೆಂಬರ್ 8ರ ಹಬ್ಬದವರೆಗೂ ಅಲ್ಲಿ ಜನವೋ ಜನ. ಕಾವಿ ಬಣ್ಣದ ಬಟ್ಟೆ ಉಟ್ಟವರು, ಮೇಣದಬತ್ತಿ ಹಿಡಿದವರು, ಸೀರೆ ಉಟ್ಟ ಮಾತೆಯ ಮೂರ್ತಿಗೆ ಹರಕೆ ಹೊತ್ತವರು. ಇವರಲ್ಲಿ ಕ್ರೈಸ್ತರಲ್ಲದವರೂ ಸಾಕಷ್ಟು. ದಕ್ಷಿಣದ ಬಿಳೇಕಹಳ್ಳಿ, ಬನ್ನೇರುಘಟ್ಟ ರಸ್ತೆಯ ಕಡೆಯಿಂದ ಬಸ್ಸು ಬದಲಿಸಿ ಬರುವವರೂ ಇದ್ದಾರೆ. ಮಗನಿಗೆ ಕೆಲಸ, ಮಗಳಿಗೆ ಸಂಬಂಧ, ಗಂಡನ ಕುಡಿತ, ವಾಸಿಯಾಗದ ಕಾಯಿಲೆ - ಬೇಡಿಕೆಗಳು ಎಲ್ಲ ದೇವಸ್ಥಾನಗಳಲ್ಲೂ ಕೇಳಿಬರುವಂಥವೇ. ಕಷ್ಟ ಬಂದಾಗ ಪ್ರಾರ್ಥಿಸುವವನದು ನಿಜವಾದ ಭಕ್ತಿಯೇ, ಬರೀ ಗರಜೇ ಎಂಬ ಪ್ರಶ್ನೆಯನ್ನು ಆ ಸಾಲಿನಲ್ಲಿ ನಿಂತವರು ಯಾರೂ ಕೇಳಿಕೊಳ್ಳುವುದಿಲ್ಲ.

ಕೇಳಿಕೊಂಡವನೊಬ್ಬನಿದ್ದ. ಇಂದು ಬಸಿಲಿಕಾ ಇರುವ ಕಡೆ 1818ರಲ್ಲಿ ಹುಲ್ಲು ಚಾವಣಿಯ ಪುಟ್ಟ ಗುಡಿಯೊಂದನ್ನು ಕಟ್ಟಿಸಿದನೆಂದು ಅಲ್ಲಿನ ಚರಿತ್ರೆ ಹೇಳುವ ಫ್ರೆಂಚ್ ಪಾದ್ರಿಯೇ ಆತ. ಹೆಸರು ಜಾನ್ ಆಂತ್ವಾನ್ ದುಬ್ವಾ. ಚರಿತ್ರೆಯ ಪುಸ್ತಕಗಳಲ್ಲಿ ಅಬ್ಬೆ ದುಬ್ವಾ. ಮೈಸೂರು ಸೀಮೆಯ ಜನ ಕರೆಯುತ್ತಿದ್ದುದು 'ದೊಡ್ಡ ಸ್ವಾಮಿಯವರು' ಎಂದು. (ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರ ಅಬ್ಬೆ ಮಾತ್ರ 'ಅಬ್ಬಾ' ಎಂಬ ಅರಾಮಿಕ್ ಮಾತಿನಿಂದ ಬಂದದ್ದು, ಅದಕ್ಕೆ ಅಪ್ಪ ಎಂದರ್ಥ.) 31 ವರ್ಷ ಈ ದೇಶದಲ್ಲಿ ಬಾಳಿ, ಅದರಲ್ಲಿ ಬಹುಪಾಲನ್ನು ಮೈಸೂರು ಸೀಮೆಯಲ್ಲೇ ಕಳೆದು, ಕೊನೆಗೆ ತಾನು ಮಾಡಿದ ಕೆಲಸ ವ್ಯರ್ಥವಾಯಿತೆಂದು ಪುಸ್ತಕ ಬರೆದು ಪ್ರಪಂಚಕ್ಕೆಲ್ಲ ಸಾರಿದ ಮಿಷನರಿ ಇವರೊಬ್ಬರೇ ಇರಬೇಕು.

ದುಬ್ವಾ ಹುಟ್ಟಿದ್ದು 1766ರ ಸುಮಾರಿಗೆ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯಲ್ಲಿ. ಪಾದ್ರಿ ದೀಕ್ಷೆ ಪಡೆದು 1792ರಲ್ಲಿ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಕಾವು. ರಾಜನಿಷ್ಠೆ ಬಿಡದ ಪಾದ್ರಿಗಳ ತಲೆ ಉರುಳುವ ದಿನಗಳು ಹತ್ತಿರವಾಗಿದ್ದವು. ಗುಂಡಿನ ಬಾಯಿಂದ ತಪ್ಪಿಸಿಕೊಂಡು ಓಡಿಬಂದವರು ಎಂಬ ಕಥೆ ಅವರ ಬಗ್ಗೆ ಹುಟ್ಟಿಕೊಂಡಿತ್ತು. ಅವರು ಅದನ್ನು ತಿದ್ದಿದರು. ಆ ಗುಂಡಿನ ಸುರಿಮಳೆಗೆ ಎರಡು ವರ್ಷ ಮೊದಲೇ ತಾನು ಹೊರಟಿದ್ದು ನಿಜ, ಆದರೆ ಕ್ರಾಂತಿಯ ಭೀಕರತೆಗೆ ಹೆದರಿ ಬಂದದ್ದೂ ನಿಜ, ಅಲ್ಲೇ ಇದ್ದಿದ್ದರೆ ತನ್ನ ಗೆಳೆಯರಂತೆ ತಾನೂ ಬಲಿಯಾಗುತ್ತಿದ್ದೆ ಎಂದು ಒಪ್ಪಿಕೊಂಡರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಮೈಸೂರು ಸೀಮೆಗೆ ಕ್ರೈಸ್ತಧರ್ಮ ಬಂದದ್ದು ದುಬ್ವಾ ಅವರಿಂದಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1649ರ ಹೊತ್ತಿಗೆ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ಯೂಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಬರೆದು, ಸಣ್ಣ ಸಭೆಯೊಂದನ್ನು ಕಟ್ಟಿದ್ದರು. ಆ ಜೆಸ್ಯೂಟರು ಸಂನ್ಯಾಸಿಗಳಂತೆ ಕಾವಿ ಉಟ್ಟು, ಮಾಂಸ ಮದ್ಯ ಬಿಟ್ಟು ಬದುಕಿದವರು. ಇದು ಕ್ರೈಸ್ತಧರ್ಮವೇ ಅಥವಾ ವೇಷವೇ ಎಂದು ಯೂರೋಪಿನಲ್ಲಿ ದೊಡ್ಡ ವಿವಾದವೆದ್ದು, 1744ರಲ್ಲಿ ರೋಮಿನ ಪೋಪರು ಇಂಥ ಸ್ಥಳೀಯ ಆಚರಣೆಗಳಿಗೆ ಕಟ್ಟುನಿಟ್ಟಿನ ಮಿತಿ ಹಾಕಿದರು. 1773ರಲ್ಲಿ ಜೆಸ್ಯೂಟ್ ಸಂಘವೇ ರದ್ದಾಯಿತು. ಅವರ ಜಾಗಕ್ಕೆ ಬಂದದ್ದು ದುಬ್ವಾ ಅವರ ಸಂಘ. ಕೈಗೆ ಬಂದದ್ದು ಅರ್ಧ ಹರಿದ ಬಲೆ.

ಆಮೇಲೆ 1784. ಎರಡನೆಯ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನ ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ವರ್ಷದ ವಿಭೂತಿ ಬುಧವಾರದಂದು ಈ ಬಂಧನ ನಡೆಯಿತೆಂದು ಮಂಗಳೂರು ಕಥೋಲಿಕರ ನೆನಪು. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ: 30 ಸಾವಿರ ಎಂದವರಿದ್ದಾರೆ, 60 ಸಾವಿರ ಎಂದವರಿದ್ದಾರೆ. ಇಗರ್ಜಿಗಳನ್ನು ಕೆಡವಲಾಯಿತು, ಪಾದ್ರಿಗಳನ್ನು ಗೋವೆಗೆ ಅಟ್ಟಲಾಯಿತು. ಘಟ್ಟ ಹತ್ತುವ ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅನೇಕ. ಉಳಿದವರಲ್ಲಿ ಬಹಳ ಮಂದಿಯನ್ನು ಬಲವಂತದಿಂದ ಮತಾಂತರಿಸಲಾಯಿತು. ಟಿಪ್ಪುವಿನ ಉದ್ದೇಶ ರಾಜಕೀಯವೋ ಮತೀಯವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇದೇ ಸುಲ್ತಾನ 1791ರಲ್ಲಿ ಮರಾಠರ ದಂಡು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದ್ದೂ ದಾಖಲೆಯಲ್ಲಿದೆ. ಆ ಚರ್ಚೆ ಇಲ್ಲಿ ನಮಗೆ ಬೇಡ. ಸೆರೆಯಲ್ಲಿದ್ದವರು 15 ವರ್ಷ ಹೇಗಿದ್ದರು ಎಂಬುದು ಈ ಲೇಖನದ ವಿಷಯ.

ಕಥೋಲಿಕರ ಧರ್ಮಜೀವನದಲ್ಲಿ ಪಾದ್ರಿಯಿಲ್ಲದೆ ನಡೆಯದ ಕಾರ್ಯಗಳೇ ಹೆಚ್ಚು. ಬಲಿಪೂಜೆಗೆ ಪಾದ್ರಿ ಬೇಕು, ಪಾಪನಿವೇದನೆಗೆ ಬೇಕು, ಸಾಯುವವನಿಗೆ ಎಣ್ಣೆ ಹಚ್ಚಲು ಬೇಕು. ಪಾದ್ರಿ ಇಲ್ಲದಿದ್ದರೂ ಆಗುವುದು ಎರಡೇ. ತುರ್ತಿನಲ್ಲಿ ಯಾರು ಬೇಕಾದರೂ, ಹೆಂಗಸಾದರೂ ಸರಿ, ಮಗುವಿನ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದೆಂದು ಅವರ ಶಾಸ್ತ್ರವೇ ಹೇಳುತ್ತದೆ. ಇನ್ನೊಂದು ಪ್ರಾರ್ಥನೆ. ಪರಲೋಕ ಮಂತ್ರ, ನಮೋ ಮರಿಯ - ಇವು ಬಾಯಿಪಾಠ. ಜಪಸರವಿಲ್ಲದಿದ್ದರೆ ಬೆರಳಿನಲ್ಲೇ ಎಣಿಸಬಹುದು. ಪುಸ್ತಕ ಬೇಡ, ಗುಡಿ ಬೇಡ, ತುಟಿ ಅಲ್ಲಾಡಿಸುವುದೂ ಬೇಡ. ಸೆರೆಯ ಕಾಲದಲ್ಲಿ ಮನೆಯೊಳಗೆ ಕದ್ದು ಪ್ರಾರ್ಥನೆ ಮಾಡಿದ ಸಂಗತಿ ಕರಾವಳಿ ಕ್ರೈಸ್ತ ಕುಟುಂಬಗಳ ಬಾಯಿಮಾತಿನಲ್ಲಿ ಉಳಿದುಬಂದಿದೆ. ಹೊರಗೆ ಒಂದು ಹೆಸರು, ಒಳಗೆ ಇನ್ನೊಂದು. ಎಷ್ಟು ಮನೆಗಳಲ್ಲಿ ಹೀಗೆ ನಡೆಯಿತು, ಎಷ್ಟು ಮನೆಗಳಲ್ಲಿ ನಿಂತುಹೋಯಿತು ಎಂದು ಲೆಕ್ಕ ಇಟ್ಟವರಿಲ್ಲ. ಕದ್ದು ಮಾಡಿದ್ದಕ್ಕೆ ಲೆಕ್ಕ ಇರುವುದೂ ಇಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಪಟ್ಟಣದ ಉಸ್ತುವಾರಿಗೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ (ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್ ಇವನೇ) ಚದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ದುಬ್ವಾ ಅವರಿಗೆ ಬೆಂಬಲ ಕೊಟ್ಟ. ಆಗ ಅವರಿಗೆ ಮೂವತ್ತಮೂರು ವಯಸ್ಸು. ಕರಾವಳಿಯವರಲ್ಲಿ ಸಾವಿರಾರು ಜನ ಘಟ್ಟ ಇಳಿದು ಊರಿಗೆ ಮರಳಿದರು. ಮೈಸೂರು ಸೀಮೆಯವರೂ ಉಳಿದುಕೊಂಡವರೂ ದುಬ್ವಾ ಅವರ ಬಳಿಗೆ ಬಂದರು. ಪ್ರಾಯಶ್ಚಿತ್ತ ಮಾಡಿಸಿ ಅವರನ್ನು ಸಭೆಗೆ ಮರಳಿ ಸೇರಿಸಿಕೊಳ್ಳುವುದೇ ಅವರ ಮೊದಲ ವರ್ಷಗಳ ಕೆಲಸವಾಯಿತು. ಶ್ರೀರಂಗಪಟ್ಟಣದಲ್ಲಿ ಅವರ ಹೆಸರಿನ ಇಗರ್ಜಿ ಈಗಲೂ ಇದೆ.

ಅವರೂ ಹಳೆಯ ಜೆಸ್ಯೂಟರ ದಾರಿಯನ್ನೇ ಹಿಡಿದರು. ಮುಂಡಾಸು ಸುತ್ತಿ, ದೇಶೀಯರ ಉಡುಪು ತೊಟ್ಟು, ಕೈಯಲ್ಲಿ ಬಿದಿರಿನ ಕೋಲು ಹಿಡಿದು ಊರೂರು ತಿರುಗಿದರು. ಸ್ಥಳೀಯರಂತೆಯೇ ಊಟ, ನೆಲದ ಮೇಲೆ ಕೂರುವುದು. ಬ್ರಾಹ್ಮಣರ ಮನೆಯ ಜಗುಲಿಯಲ್ಲೂ ಅವರಿಗೆ ಮಾತಿಗೆ ಜಾಗ ಸಿಕ್ಕಿತು. ಹೀಗೆ ಕಂಡು ಕೇಳಿದ್ದನ್ನು ಬರೆದಿಟ್ಟ ಫ್ರೆಂಚ್ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಸ್ಟಾರ್ ಪಗೋಡ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂದು, ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಇಂಗ್ಲಿಷ್ ಅಧಿಕಾರಿಗಳ ಕೈಪಿಡಿಯೇ ಆಗಿಹೋಯಿತು. ಆ ಗ್ರಂಥದ ದೊಡ್ಡ ಭಾಗ ಪಾಂಡಿಚೇರಿಯ ಹಿಂದಿನ ತಲೆಮಾರಿನ ಜೆಸ್ಯೂಟ್ ಕೋರ್ದು ಅವರ ಬರಹದಿಂದ ಎತ್ತಿಕೊಂಡದ್ದೆಂದು 1970-80ರ ದಶಕಗಳಲ್ಲಿ ಸಿಲ್ವಿಯಾ ಮ್ಯೂರ್ ಎಂಬ ವಿದುಷಿ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ದುಬ್ವಾ ಅವರ ಕೀರ್ತಿಯಲ್ಲಿ ಸ್ವಲ್ಪ ಕಡಿತ ಮಾಡಲೇಬೇಕು.

ಕಡಿತ ಮಾಡಲಾಗದ ಕೆಲಸ ಬೇರೆಯಿದೆ. ಅಂದಿನ ಮೈಸೂರು ಸೀಮೆಯಲ್ಲಿ ಸಿಡುಬು ಬಂದರೆ ಹಳ್ಳಿಗೆ ಹಳ್ಳಿಯೇ ನರಳುತ್ತಿತ್ತು. ಮಾರಮ್ಮನಿಗೆ ಹರಕೆ, ಬಾಗಿಲಿಗೆ ಬೇವಿನ ಸೊಪ್ಪು, ಅದರಾಚೆಗೆ ಉಪಾಯವಿರಲಿಲ್ಲ. ಇಂಗ್ಲೆಂಡಿನ ಜೆನ್ನರ್ 1796ರಲ್ಲಿ ಕಂಡುಹಿಡಿದ ಗೋಸಿಡುಬಿನ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿ ತಲುಪಿತು. ಬಿಸಿಲಿಗೆ ಲಸಿಕೆಯ ರಸ ಕೆಡುತ್ತಿದ್ದುದರಿಂದ ಅದನ್ನು ಸೀಸೆಯಲ್ಲಿ ಸಾಗಿಸುವುದು ಕಷ್ಟ. ಒಂದು ಮಗುವಿನ ತೋಳಿಗೆ ಚುಚ್ಚಿ, ಎಂಟನೆಯ ದಿನದ ಹೊತ್ತಿಗೆ ಎದ್ದ ಬೊಕ್ಕೆಯಿಂದ ರಸ ತೆಗೆದು ಮುಂದಿನ ಮಗುವಿಗೆ, ಅಲ್ಲಿಂದ ಇನ್ನೊಂದಕ್ಕೆ - ಹೀಗೆ ತೋಳಿನಿಂದ ತೋಳಿಗೆ ಸರಪಳಿ ಕಡಿಯದಂತೆ ನೋಡಿಕೊಳ್ಳಬೇಕಿತ್ತು. ಒಂದು ವಾರ ಮಕ್ಕಳು ಸಿಗದಿದ್ದರೆ ಸರಪಳಿಯೇ ಮುಗಿಯಿತು. ಅಪರಿಚಿತರ ಮಗುವಿನ ಕೀವನ್ನು ತನ್ನ ಮಗುವಿನ ಮೈಗೆ ಹಾಕಿಸಿಕೊಳ್ಳಲು ಯಾವ ತಾಯಿ ಒಪ್ಪುತ್ತಾಳೆ? ಜಾತಿಯ ಪ್ರಶ್ನೆ ಬೇರೆ. ಹೀಗಿದ್ದೂ 1803-04ರಲ್ಲಿ ದುಬ್ವಾ ಅವರ ಪ್ರಯತ್ನದಿಂದ ಲಸಿಕೆ ಹಾಕಿಸಿಕೊಂಡು ಪಟ್ಟಿಯಲ್ಲಿ ಹೆಸರು ಬರೆಸಿದವರು 25,432 ಮಂದಿ. ನಂಬಿಕೆ ಎಂಬ ಮಾತಿಗೆ ಇಷ್ಟು ನಿಖರವಾದ ಲೆಕ್ಕ ಸಿಗುವುದು ಅಪರೂಪ. ಜನ ನಂಬಿದ್ದು ಜೆನ್ನರನನ್ನಲ್ಲ, ಊರಿನವರಂತೆ ಉಟ್ಟು ಊರಿನ ಮಾತನಾಡುತ್ತಿದ್ದ ಈ ದೊಡ್ಡ ಸ್ವಾಮಿಯವರನ್ನು.

ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರಿಗೆ ನೆಲವಿರಲಿಲ್ಲ, ಎತ್ತಿರಲಿಲ್ಲ. ಅವರಿಗಾಗಿ ದುಬ್ವಾ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಬಳಿಯ ಸಾತಳ್ಳಿ ಅವುಗಳಲ್ಲಿ ಮುಖ್ಯವಾದದ್ದು.

ಇಷ್ಟೆಲ್ಲ ಮಾಡಿದ ಮನುಷ್ಯ ಒಳಗೊಳಗೇ ಏನು ಯೋಚಿಸುತ್ತಿದ್ದರು ಎಂಬುದು ಗೊತ್ತಾದದ್ದು 1823ರಲ್ಲಿ. ಆ ವರ್ಷದ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳು ಪುಸ್ತಕವಾಗಿ ಬಂದವು. ಹಿಂದೂಗಳ ಮತಾಂತರ ಆಗದ ಹೋಗದ ಕೆಲಸ ಎಂಬುದು ಪುಸ್ತಕದ ಶೀರ್ಷಿಕೆಯಲ್ಲೇ ಇತ್ತು. ಇಷ್ಟು ವರ್ಷಗಳಲ್ಲಿ, ಇನ್ನೊಬ್ಬ ದೇಶೀಯ ಪಾದ್ರಿಯ ನೆರವಿನಿಂದ, ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಮಂದಿಯನ್ನು ಮಾತ್ರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು ಅಥವಾ ಭಿಕ್ಷುಕರು. ಉಳಿದವರು ಜಾತಿಯಿಂದ ಹೊರಬಿದ್ದವರು, ನೆಲೆಯಿಲ್ಲದೆ ಅಲೆಯುವವರು, ಮದುವೆಗೆ ಸಂಬಂಧ ಸಿಕ್ಕೀತೆಂದು ಬಂದವರು. ಮನವರಿಕೆಯಾಗಿ, ಯಾವ ಲಾಭದ ಆಸೆಯಿಲ್ಲದೆ ಬಂದವನು ಒಬ್ಬನೂ ಇಲ್ಲ - ಇದು ಅವರು ನಾಚಿಕೆಯಿಂದ ಒಪ್ಪಿಸಿದ ಲೆಕ್ಕ. ಯೂರೋಪಿಯನ್ನರು ಪರಸ್ಪರ ಹೊಡೆದಾಡುವುದನ್ನೂ ಕುಡಿದು ತೂರಾಡುವುದನ್ನೂ ಕಂಡ ಜನ ಅವರ ಧರ್ಮವನ್ನು ಯಾಕೆ ಗೌರವಿಸಬೇಕು ಎಂದೂ ಕೇಳಿದರು. ಅದೇ ಪುಸ್ತಕದ ಕೊನೆಯಲ್ಲಿ ಹಿಂದೂ ಗಂಡಸರ ಮತ್ತು ಹೆಂಗಸರ ನಡತೆಯನ್ನು ಹೀನಾಯವಾಗಿ ಚಿತ್ರಿಸಿದ್ದ ಇಂಗ್ಲಿಷ್ ಪಾದ್ರಿಯೊಬ್ಬನಿಗೆ ಖಾರವಾಗಿ ಉತ್ತರ ಕೊಟ್ಟಿದ್ದಾರೆ. ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ವಲಯದಲ್ಲಿ ಕೋಲಾಹಲವಾಯಿತು. 1824ರಲ್ಲಿ ಜೇಮ್ಸ್ ಹೋ ಮತ್ತು ಹೆನ್ರಿ ಟೌನ್ಲೆ ಪ್ರತ್ಯೇಕವಾಗಿ ಉತ್ತರದ ಪುಸ್ತಕಗಳನ್ನೇ ಬರೆದರು.

ಪತ್ರಗಳಲ್ಲಿ ಅತ್ಯಂತ ನೋವಿನ ಭಾಗ ಶ್ರೀರಂಗಪಟ್ಟಣದ ಸೆರೆಯನ್ನು ಕುರಿತದ್ದು. ಸೆರೆಯಾದವರು 60 ಸಾವಿರ ಎನ್ನುವ ದುಬ್ವಾ, ಅಷ್ಟು ಜನರಲ್ಲಿ ಧರ್ಮಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬನಿಗೂ ಇರಲಿಲ್ಲವೆಂದು ಕೊರಗುತ್ತಾರೆ. ಭಾರತದ ಕ್ರೈಸ್ತರ ನಂಬಿಕೆ ಮೇಲುಮೇಲಿನದು ಎನ್ನುವುದಕ್ಕೆ ಅವರಿಗೆ ಇದೇ ದೊಡ್ಡ ಸಾಕ್ಷಿ. ಇಲ್ಲಿ ಓದುಗರು ಹಿಂದಿನ ಮಾತನ್ನು ನೆನೆಯಬಹುದು. ಕ್ರಾಂತಿಗೆ ಹೆದರಿ ಹಡಗು ಹತ್ತಿದೆನೆಂದು ಒಪ್ಪಿಕೊಂಡವರೂ ಇದೇ ದುಬ್ವಾ. ಅವರನ್ನು ಹಂಗಿಸುವ ಉದ್ದೇಶ ನನಗಿಲ್ಲ. ಬದುಕಿ ಬಂದದ್ದರಿಂದಲೇ 25 ಸಾವಿರ ಜನರಿಗೆ ಲಸಿಕೆ ಸಿಕ್ಕಿತು. ಆದರೆ ತಾನು ಬದುಕಿದ್ದು ಧರ್ಮದ ಕೆಲಸಕ್ಕೆ ಎಂದು ಎಣಿಸಿದ ಮನುಷ್ಯ, ಸೆರೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬದುಕಿ ಉಳಿದ ಹೆಂಗಸರಿಗೆ ಅದೇ ರಿಯಾಯಿತಿ ಕೊಡಲಿಲ್ಲ. ಬಾಗಿಲು ತೆರೆದ ಕೂಡಲೇ ಅವರು ತನ್ನ ಬಳಿಗೇ ಬಂದದ್ದನ್ನು ಕಣ್ಣಾರೆ ಕಂಡವರು ಅವರೇ. ಕ್ರೈಸ್ತರಾಗಿ ಮರಳುವುದರಿಂದ ಆಗ ಅವರಿಗೆ ದೊಡ್ಡ ಲಾಭವೇನೂ ಇರಲಿಲ್ಲ. ನೆಲ ಹೋಗಿತ್ತು, ಮನೆ ಹೋಗಿತ್ತು. ಹೊಸ ದೊರೆಗಳ ಕೃಪೆ ಸಿಕ್ಕೀತೆಂಬ ಆಸೆ ಕೆಲವರಿಗೆ ಇದ್ದಿರಬಹುದು. ಎಲ್ಲರಿಗೂ ಇತ್ತೆನ್ನಲಾಗದು.

ಇದನ್ನು ಅಳೆಯಲು ಇನ್ನೊಂದು ದೇಶದ ಉದಾಹರಣೆ ನೋಡಬಹುದು. ಜಪಾನಿನಲ್ಲಿ 17ನೇ ಶತಮಾನದ ಆರಂಭದಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಲಾಯಿತು. ನಾಗಸಾಕಿ ಸುತ್ತಿನ ಜನ ವರ್ಷಕ್ಕೊಮ್ಮೆ ಅಧಿಕಾರಿಗಳ ಎದುರು ಯೇಸು ಮರಿಯರ ಚಿತ್ರವನ್ನು ಕಾಲಿನಿಂದ ತುಳಿದು ತಾವು ಕ್ರೈಸ್ತರಲ್ಲವೆಂದು ತೋರಿಸಬೇಕಿತ್ತು. ತುಳಿದರು. ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆಯೊಂದನ್ನು ಹೇಳಿಕೊಂಡರು. ಪಾದ್ರಿಯಿಲ್ಲದೆ ಎರಡು ಶತಮಾನ ಹೀಗೇ ನಡೆಯಿತು. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಇಗರ್ಜಿಗೆ ಉರಾಕಮಿ ಹಳ್ಳಿಯ ಕೆಲವರು ಬಂದು, ನಮ್ಮ ಮನಸ್ಸೂ ನಿಮ್ಮದರಂತೆಯೇ ಎಂದು ಅಲ್ಲಿನ ಪಾದ್ರಿಗೆ ಪಿಸುಗುಟ್ಟಿ, ಮರಿಯಮ್ಮನ ಮೂರ್ತಿ ಎಲ್ಲಿದೆ ಎಂದು ಕೇಳಿದರು. ಆ ಪಾದ್ರಿ ಬೆರ್ನಾರ್ ಪೆತಿಜಾನ್. ಅವರು ದುಬ್ವಾ ಅವರ ಪ್ಯಾರಿಸ್ ಸಂಘಕ್ಕೇ ಸೇರಿದವರು. ದುಬ್ವಾ ತೀರಿಕೊಂಡು ಆಗ 17 ವರ್ಷವಾಗಿತ್ತು.

ಇನ್ನು ಲಾಭಕ್ಕಾಗಿ ಬಂದವರ ಮಾತು. ಭಿಕ್ಷುಕನೊಬ್ಬ ಹೊಸ ದೇವರನ್ನು ಹುಡುಕಿಕೊಂಡು ಬಂದರೆ ಅದು ಹೊಟ್ಟೆಗಾಗಿ, ವಿದ್ಯಾವಂತನೊಬ್ಬ ತರ್ಕ ಮಾಡಿ ಬಂದರೆ ಅದು ಮನವರಿಕೆ ಎಂಬ ಅಳತೆಗೋಲು ದುಬ್ವಾ ಅವರದು. ಜಾತಿಪದ್ಧತಿಯನ್ನು ಹಿಂದೂ ಸಮಾಜದ ಮಹತ್ತರ ವ್ಯವಸ್ಥೆಯೆಂದು ಮೆಚ್ಚಿ ಬರೆದವರು ಅವರು. ಬ್ರಾಹ್ಮಣರು ಬರಲಿಲ್ಲವಲ್ಲ ಎಂಬ ಕೊರಗಿನಲ್ಲಿ ಬಂದವರು ಅವರ ಕಣ್ಣಿಗೆ ಸಣ್ಣವರಾಗಿ ಕಂಡರು. ಜಾತಿಯಿಂದ ಹೊರಬಿದ್ದವನಿಗೆ ಮದುವೆಯ ಸಂಬಂಧ ಸಿಗುವುದೆಂದರೆ ಸಣ್ಣ ಲಾಭವಲ್ಲ. ಮತ್ತೆ ಮನುಷ್ಯರ ನಡುವೆ ಸೇರುವ ದಾರಿ ಅದೊಂದೇ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೇ ಅಂದಂದಿನ ಅನ್ನಕ್ಕಾಗಿ ಒಂದು ಬೇಡಿಕೆಯಿದೆ. ಅದನ್ನು ದಿನವೂ ಜಪಿಸುತ್ತಿದ್ದ ಪಾದ್ರಿಗೆ ಇದು ಹೊಳೆಯಲಿಲ್ಲವೇ ಎಂದು ಆಶ್ಚರ್ಯವಾಗುತ್ತದೆ.

ಅವರ ಪರವಾಗಿ ಹೇಳಲೇಬೇಕಾದ ಮಾತೂ ಒಂದಿದೆ. ಸಂದೇಹಪಟ್ಟದ್ದು ತನ್ನ ಕೆಲಸದ ಬಗ್ಗೆಯೇ ಹೊರತು ತನ್ನ ದೇವರ ಬಗ್ಗೆ ಅಲ್ಲ. ಮತಾಂತರದ ಕಾಲ ಮುಗಿದುಹೋಯಿತು, ಮಾನುಷ ಪ್ರಯತ್ನದಿಂದ ಅದನ್ನು ಮರಳಿ ತರಲಾಗದು ಎಂಬರ್ಥದಲ್ಲಿ ಬರೆದಾಗ 'ಮಾನುಷ' ಎಂಬ ಪದವನ್ನು ಅವರು ಅಳೆದೇ ಇಟ್ಟಿರಬೇಕು. ಆಗದ ಕೆಲಸವನ್ನು ಆಯಿತೆಂದು ವರದಿ ಬರೆದು ಯೂರೋಪಿನಿಂದ ಹಣ ತರಿಸುವುದು ಅಂದಿನ ಮಿಷನ್ ಸಂಘಗಳಲ್ಲಿ ಅಪರೂಪವಾಗಿರಲಿಲ್ಲ. ದುಬ್ವಾ ಅದನ್ನು ಮಾಡಲಿಲ್ಲ. ಹಾಗೆಂದು ಬೇಸತ್ತು ಪಾದ್ರಿಯ ನಿಲುವಂಗಿ ಕಳಚಲೂ ಇಲ್ಲ. ಪ್ಯಾರಿಸ್ಸಿನಲ್ಲಿ ಅವರು ಸೇರಿಕೊಂಡದ್ದು ಪೂರ್ವದೇಶಗಳಿಗೆ ಮಿಷನರಿಗಳನ್ನು ತಯಾರುಮಾಡಿ ಕಳುಹಿಸುವ ಅದೇ ಸಂಘದ ಸೆಮಿನರಿಯನ್ನು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ಆಗುವುದಿಲ್ಲ ಎಂದು ತಾನೇ ಬರೆದ ಕೆಲಸಕ್ಕೆ ಹುಡುಗರನ್ನು ಸಿದ್ಧಮಾಡುತ್ತಿದ್ದಾಗ ಅವರ ಮನಸ್ಸಿನಲ್ಲಿ ಏನಿತ್ತೋ! ಬಿಡುವಿನಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ಅನುವಾದಿಸಿ 1826ರಲ್ಲಿ ಪ್ರಕಟಿಸಿದರು. 1848ರ ಫೆಬ್ರವರಿಯಲ್ಲಿ, ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಸಿಡಿಯುವ ಕೆಲವೇ ದಿನ ಮೊದಲು, ಅಲ್ಲೇ ತೀರಿಕೊಂಡರು.

ಅವರು ಸೆಮಿನರಿಯಲ್ಲಿದ್ದ ವರ್ಷಗಳಲ್ಲೇ ಅಲ್ಲಿಂದ ಹೊರಟುಬಂದವರಲ್ಲಿ ಒಬ್ಬರು ಶಾರ್ಬೊನೊ. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಪ್ರಾಂತವಾದಾಗ ಅದರ ಆಡಳಿತ ಇವರ ಕೈಯಲ್ಲಿತ್ತು. ಇವರ ಕಾಲದಲ್ಲಿ ಬೆಂಗಳೂರಿನಲ್ಲಿ ಕನ್ನಡ ಪುಸ್ತಕಗಳ ಅಚ್ಚುಕೂಟ ನಡೆಯಿತು. ಬುತೆಲೂ ಎಂಬ ಪಾದ್ರಿಯ ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿ ಬಂತು, ಕಿಟೆಲರ ನಿಘಂಟಿಗೆ ಸುಮಾರು ನಲವತ್ತು ವರ್ಷ ಮೊದಲು. ಶಿವಾಜಿನಗರದ ಹುಲ್ಲಿನ ಗುಡಿ ಇದ್ದ ಕಡೆ ಈಗಿನ ಗಾಥಿಕ್ ಕಟ್ಟಡ ಎದ್ದದ್ದು 1882ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಪೇಟೆ ಬರಿದಾದಾಗ ಕೆಲವರು ಪ್ಲೇಗಮ್ಮನ ಗುಡಿ ಕಟ್ಟಿದರು, ಕೆಲವರು ಈ ಮಾತೆಯ ಮುಂದೆ ಮೊಣಕಾಲೂರಿದರು. ಎರಡು ಕಡೆಗೂ ಹೋದವರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ದುಬ್ವಾ ಇದನ್ನು ಕಂಡಿದ್ದರೆ ಮುಖ ಗಂಟಿಕ್ಕುತ್ತಿದ್ದರು. ಕ್ರೈಸ್ತರ ರಥೋತ್ಸವಗಳು ಡೋಲು, ಕಹಳೆ, ಬಾಣಬಿರುಸುಗಳಿಂದ ಥೇಟು ಜಾತ್ರೆಯಂತೆ ಇರುತ್ತವೆಂದು ಮುಜುಗರಪಟ್ಟು ಬರೆದವರು ಅವರು.

ಸಾತಳ್ಳಿ ಇಂದಿಗೂ ಕಥೋಲಿಕ ಧರ್ಮಕೇಂದ್ರ. ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ದೊಡ್ಡ ಇಗರ್ಜಿಯೊಂದನ್ನು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಮುಳುಗಡೆಯಾಯಿತು. ಮಳೆಗಾಲದಲ್ಲಿ ಅದರ ಗೋಡೆಗಳು ಅರ್ಧ ನೀರಿನಲ್ಲಿ ನಿಂತಿರುತ್ತವೆ. ಬೇಸಿಗೆಯಲ್ಲಿ ಬುಡದವರೆಗೆ ನಡೆದು ಹೋಗಬಹುದು. ಊರಿನವರು ದಡದಾಚೆ ಬೇರೆ ಕಡೆ ಹೋಗಿ ನೆಲೆಸಿದ್ದಾರೆ.